ದಾಯಾದಿಗಳಿಗೆ ಒಂದೇ ಸೂತಕ

ನಮಸ್ಕಾರ ಮೇಡಂ.

ಹಾಸನದಿಂದ ನೀವು ಬರೆದ ಕಾಗದ ತಲುಪಿತು, ಜೊತೆಗಿಟ್ಟ ಫೋಟೊ ಕೂಡ. ಉಳಿದ ಓದುಗರಿಗೆ ಆ ಫೋಟೊದಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಇಬ್ಬರು ಹುಡುಗರು. ಒಬ್ಬ ಕೆಂಪು-ಹಳದಿ ಅಂಗಿ, ಅಂದರೆ ಈಸ್ಟ್ ಬೆಂಗಾಲ್. ಇನ್ನೊಬ್ಬ ಹಸಿರು-ಮರೂನ್, ಅಂದರೆ ಮೋಹನ್ ಬಾಗಾನ್. ಎರಡೂ ಕೋಲ್ಕತ್ತದ ಫುಟ್‌ಬಾಲ್ ಕ್ಲಬ್ಬುಗಳು, ನೂರು ವರ್ಷದ ಎದುರಾಳಿಗಳು. ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಕೈ. ಇಬ್ಬರೂ ಬಾಯಿ ತೆರೆದು ಏನೋ ಕೂಗುತ್ತಿದ್ದಾರೆ. ಹಿಂದೆ ಪೆನ್ಸಿಲ್ಲಿನಲ್ಲಿ '18 ಆಗಸ್ಟ್ 2024, ಸಾಲ್ಟ್ ಲೇಕ್' ಅಂತ ಬರೆದಿದೆ. ಕೋಲ್ಕತ್ತದ ಬ್ಯಾಂಕಿಗೆ ವರ್ಗವಾಗಿ ಹೋದ ನಿಮ್ಮ ಮಗನಿಗೆ ಅಲ್ಲಿನ ಸಹೋದ್ಯೋಗಿ ಕೊಟ್ಟ ಚಿತ್ರ ಇದು.

ನೀವು ಕೇಳಿದ್ದು ಮೂರು. ಇದು ಫೋಟೊಗೋಸ್ಕರ ಮಾಡಿದ ನಾಟಕವಾ? ಇಷ್ಟು ಸುಲಭಕ್ಕೆ ಒಂದಾಗುವವರು ನೂರು ವರ್ಷ ಯಾಕೆ ಕಿತ್ತಾಡಿದರು? ಮೂರನೆಯದು ನಿಮಗೆ ನಿಜವಾಗಿ ಬೇಕಾದ್ದು: ಮಗನನ್ನು ಮ್ಯಾಚಿಗೆ ಬಿಡಬಹುದಾ?

ನಾಟಕ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜಗಳದ ಕಥೆ.

ಮೋಹನ್ ಬಾಗಾನ್ ಶುರುವಾಗಿದ್ದು 1889ರಲ್ಲಿ. 1911ರಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿ ಐಎಫ್ಎ ಶೀಲ್ಡ್ ಎಂಬ ಫುಟ್‌ಬಾಲ್ ಕಪ್ ಗೆದ್ದಿತು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಡಿದ್ದು ಬರಿಗಾಲಲ್ಲಿ. ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ, ಅದೂ ಬೇರೆಯವರ ಮನೆ ಜಗಳದಿಂದ. ಜೋಡಾಬಾಗಾನ್ ಅಂತ ಒಂದು ಕ್ಲಬ್ಬು. ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಅವರು ಪೂರ್ವ ಬಂಗಾಳದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟರು. ಅದೇ ಕ್ಲಬ್ಬಿನ ಉಪಾಧ್ಯಕ್ಷ ಸುರೇಶಚಂದ್ರ ಚೌಧರಿಯವರಿಗೆ ಸಿಟ್ಟು ಬಂತು. ಎದ್ದು ಹೋಗಿ ಕೆಲವೇ ದಿನಗಳಲ್ಲಿ ಹೊಸ ಕ್ಲಬ್ಬು ಕಟ್ಟಿದರು.

ಕೋಲ್ಕತ್ತದ ಕಡೆಯ ಹಳೇ ಮನೆತನದವರನ್ನು ಘೋಟಿ ಅನ್ನುತ್ತಾರೆ, ಪೂರ್ವ ಬಂಗಾಳದಿಂದ ಬಂದವರನ್ನು ಬಾಂಗಾಲ್. ಘೋಟಿಗಳು ಮೋಹನ್ ಬಾಗಾನ್ ಕಡೆ, ಬಾಂಗಾಲರು ಈಸ್ಟ್ ಬೆಂಗಾಲ್ ಕಡೆ. 1947ರಲ್ಲಿ ದೇಶ ಒಡೆಯಿತು. ಮನೆ, ಗದ್ದೆ, ಕೊಳ ಎಲ್ಲ ಬಿಟ್ಟು ಬಂದವರು ಜಾದವಪುರದ ಸುತ್ತ ಗುಡಿಸಲು ಹಾಕಿಕೊಂಡರು. ಬಿಟ್ಟುಬಂದ ಊರಿನ ಹೆಸರು ಅವರ ಪಾಲಿಗೆ ಉಳಿದದ್ದು ಒಂದು ಕ್ಲಬ್ಬಿನಲ್ಲಿ ಮಾತ್ರ. ಅವರು ಯಾಕೆ ಆ ಪಾಟಿ ಕಿರುಚುತ್ತಿದ್ದರು ಅಂತ ಈಗ ಗೊತ್ತಾಗುತ್ತೆ ಅಲ್ವಾ?

ಗೆದ್ದ ದಿನ ಬಾಂಗಾಲ್ ಮನೆಯಲ್ಲಿ ಇಲಿಶ್ ಮೀನು, ಘೋಟಿ ಮನೆಯಲ್ಲಿ ಸಿಗಡಿ. ಬೈಗುಳವೂ ಹಂಚಿಕೆಯಾಗಿದೆ. ಮೋಹನ್ ಬಾಗಾನಿನವರು 'ಮಾಚಾ', ಈಸ್ಟ್ ಬೆಂಗಾಲಿನವರು 'ಲೋಟಾ'. ತಮಾಷೆ ಏನೆಂದರೆ ಬಂಗಾಳಿಯಲ್ಲಿ ಘೋಟಿ ಅಂದರೂ ತಂಬಿಗೆಯೇ. ತಂಬಿಗೆ ಲೋಟವನ್ನು ಆಡಿಕೊಳ್ಳುವುದು ನೋಡಿ!

ಆದರೆ ಈ ಗೋಡೆಯಲ್ಲಿ ಮೊದಲಿನಿಂದಲೂ ಕಿಂಡಿಗಳಿದ್ದವು. ಮೋಹನ್ ಬಾಗಾನಿನ ಇಬ್ಬರು ದೊಡ್ಡ ಹೀರೋಗಳು ಗೋಷ್ಠ ಪಾಲ್ ಮತ್ತು ಚುನಿ ಗೋಸ್ವಾಮಿ. ಗೋಷ್ಠ ಪಾಲ್ ಹುಟ್ಟಿದ್ದು ಫರೀದ್‌ಪುರದ ಕಡೆ, ಚುನಿ ಹುಟ್ಟಿದ್ದು ಕಿಶೋರ್‌ಗಂಜ್‌ನಲ್ಲಿ. ಎರಡೂ ಈಗ ಬಾಂಗ್ಲಾದೇಶದಲ್ಲಿವೆ. ಅಪ್ಪಟ ಬಾಂಗಾಲ್ ಹುಡುಗರು! ಆ ಕಡೆ ಈಸ್ಟ್ ಬೆಂಗಾಲಿನ 'ಪಂಚಪಾಂಡವರು' ಅಂತ ಐದು ಜನ ಮುಂಚೂಣಿ ಆಟಗಾರರಿದ್ದರು: ಅಪ್ಪಾ ರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ, ವೆಂಕಟೇಶ್. ಹೆಸರು ಕೇಳಿದರೇ ಸಾಕು, ಒಬ್ಬರೂ ಬಂಗಾಳಿ ಅಲ್ಲ. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು, 1948ರ ಲಂಡನ್ ಒಲಿಂಪಿಕ್ಸ್ ಆಡಿದವರು. ನಿರಾಶ್ರಿತರ ಆ ದೊಡ್ಡ ಅಭಿಮಾನ ನಿಂತಿದ್ದದ್ದು ದಕ್ಷಿಣದವರ ಕಾಲ ಮೇಲೆ.

ಈಗ ಮದುವೆಗಳೂ ಆಗಿಹೋಗಿವೆ. ನಮ್ಮ ಬೀದಿಯಲ್ಲೇ ಒಂದು ಬಂಗಾಳಿ ಸಂಸಾರ ಇದೆ. ಗಂಡ ಬಾಂಗಾಲ್, ಹೆಂಡತಿ ಘೋಟಿ. ಈ ಎರಡು ಕ್ಲಬ್ಬುಗಳ ನಡುವಿನ ಪಂದ್ಯವನ್ನು ಡರ್ಬಿ ಅನ್ನುತ್ತಾರೆ. ಅಂಥ ಒಂದು ಡರ್ಬಿ ಸಂಜೆ ನನ್ನನ್ನೂ ಕರೆದಿದ್ದರು. ಆಕೆ ಬೇಳೆಗೆ ಒಂದು ಚಿಟಿಕೆ ಸಕ್ಕರೆ ಹಾಕಿದ್ದನ್ನು ಇವರು ಸೋಫಾದಿಂದಲೇ ನೋಡಿ, "ಪಾಯಸ ಆಯ್ತಾ?" ಅಂದರು. ಆಕೆ ಮಾತಾಡಲಿಲ್ಲ. ಹತ್ತು ನಿಮಿಷಕ್ಕೆ ಮೋಹನ್ ಬಾಗಾನ್ ಗೋಲು ಹೊಡೆಯಿತು. ಆಕೆ ಸೌಟು ಹಿಡಿದೇ ಬಂದು ಟಿವಿ ಸೌಂಡು ಪೂರ್ತಿ ಏರಿಸಿ, ಏನೂ ಹೇಳದೆ ವಾಪಸ್ ಒಲೆ ಮುಂದೆ ನಿಂತರು. ಅವರ ಮಗಳಿಗೆ ಹನ್ನೆರಡು ವರ್ಷ. ನಿನ್ನ ಟೀಮ್ ಯಾವುದಮ್ಮಾ ಅಂದೆ. "ಯಾರು ಗೆದ್ದರೂ ನನಗೆ ಮೀನು, ಅಂಕಲ್" ಅಂದಳು.

ಹಾಗಂತ ಎಲ್ಲ ಬರೀ ಮೀನಿನ ಜಗಳ ಅಂತ ತಿಳಿಯಬೇಡಿ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಡರ್ಬಿ ನಡೆಯುವಾಗ ಗ್ಯಾಲರಿಯಲ್ಲಿ ಹೊಡೆದಾಟ, ನೂಕುನುಗ್ಗಲು. ಮ್ಯಾಚ್ ನೋಡಲು ಹೋದ 16 ಜನ ಮನೆಗೆ ಬರಲಿಲ್ಲ. ಈಗಲೂ ಆ ದಿನ ಅವರ ನೆನಪಿಗೆ ರಕ್ತದಾನ ನಡೆಯುತ್ತದೆ. 2012ರ ಡಿಸೆಂಬರಿನಲ್ಲಿ ಸಾಲ್ಟ್ ಲೇಕ್ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಾಗಾನಿನ ರಹೀಮ್ ನಬಿಗೆ ಗ್ಯಾಲರಿಯಿಂದ ಕಲ್ಲು ಬಿತ್ತು, ಪಂದ್ಯ ಅರ್ಧಕ್ಕೇ ನಿಂತಿತು.

ಸಂಬಂಧ ಬದಲಾಗಲು ಶುರುವಾದದ್ದು, ನನಗೆ ಕಂಡಂತೆ, 2020ರಲ್ಲಿ. ಎರಡೂ ಕ್ಲಬ್ಬುಗಳು ಆ ವರ್ಷ ದುಡ್ಡಿರುವವರ ಕೈ ಹಿಡಿದು ಐಎಸ್ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಸೇರಿದವು. ಕೋವಿಡ್ ಕಾಲ. ಅಲ್ಲಿನ ಮೊದಲ ಡರ್ಬಿ ನಡೆದದ್ದು ಗೋವಾದ ವಾಸ್ಕೋದಲ್ಲಿ, ಖಾಲಿ ಮೈದಾನದಲ್ಲಿ. ಮೋಹನ್ ಬಾಗಾನ್ ಹೆಸರಿನ ಮೊದಲಿಗೆ 'ಎಟಿಕೆ' ಅಂತ, ಹೂಡಿಕೆದಾರರ ಹಳೇ ಕ್ಲಬ್ಬಿನ ಹೆಸರು, ಬಂದು ಕೂತಿತು. ಅದನ್ನು ತೆಗೆಯಿರಿ ಅಂತ ಅಭಿಮಾನಿಗಳು ಮೂರು ವರ್ಷ ಬಿಡದೆ ಕೂಗಿದರು, 2023ರಲ್ಲಿ ತೆಗೆಸಿದರು. ಈಸ್ಟ್ ಬೆಂಗಾಲಿನವರು 2021ರಲ್ಲಿ ಹೂಡಿಕೆದಾರರ ಒಪ್ಪಂದದ ಗಲಾಟೆಯಲ್ಲಿ ತಮ್ಮ ಕ್ಲಬ್ಬಿನ ಮುಂದೆಯೇ ಲಾಠಿ ಏಟು ತಿಂದರು. ಅಲ್ಲಿಯವರೆಗೆ ಎದುರಾಳಿ ಅಂದರೆ ಎದುರಿನ ಗ್ಯಾಲರಿ. ಈಗ ಇಬ್ಬರ ಸಿಟ್ಟೂ ತಮ್ಮ ತಮ್ಮ ಆಫೀಸಿನ ಕಡೆಗೇ ತಿರುಗಿತ್ತು.

ಇನ್ನು ನಿಮ್ಮ ಫೋಟೊ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ. ಊರಿಗೆ ಊರೇ ಬೀದಿಗಿಳಿಯಿತು. 18ಕ್ಕೆ ಡ್ಯುರಾಂಡ್ ಕಪ್‌ನ ಡರ್ಬಿ ಇತ್ತು. ಗ್ಯಾಲರಿಯಲ್ಲೂ ನ್ಯಾಯ ಕೇಳುವ ಕೂಗು ಏಳುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಭದ್ರತೆಯ ಕಾರಣ ಹೇಳಿ ಪಂದ್ಯವನ್ನೇ ರದ್ದು ಮಾಡಿದರು. ಪಂದ್ಯ ಇಲ್ಲದ ಸ್ಟೇಡಿಯಮ್ಮಿಗೆ ಎರಡೂ ಕಡೆಯವರು ಬಂದರು. ಮೂರನೇ ಹಳೇ ಕ್ಲಬ್ಬು ಮೊಹಮ್ಮಡನ್ ಸ್ಪೋರ್ಟಿಂಗ್‌ನವರೂ ಕಪ್ಪು-ಬಿಳುಪು ಬಾವುಟ ಹಿಡಿದು ಬಂದರು. ಮೋಹನ್ ಬಾಗಾನ್ ನಾಯಕ ಶುಭಾಶಿಶ್ ಬೋಸ್ ಕೂಡ ಬಂದರು. ಪೊಲೀಸರು ಲಾಠಿ ಬೀಸಿದರು. ಲಾಠಿಗೆ ಅಂಗಿಯ ಬಣ್ಣ ಗೊತ್ತಾಗುವುದಿಲ್ಲ.

ಇದನ್ನು ಸ್ನೇಹ ಅಂತ ನಾನು ಕರೆಯುವುದಿಲ್ಲ. ನಮ್ಮ ಹಳ್ಳಿಗಳ ದಾಯಾದಿಗಳನ್ನು ನೆನಪು ಮಾಡಿಕೊಳ್ಳಿ. ಬದುವಿನ ಒಂದು ಗೇಣು ಜಾಗಕ್ಕೆ ಕೋರ್ಟು ಹತ್ತಿರುತ್ತಾರೆ, ಒಬ್ಬರ ಮನೆಯಲ್ಲಿ ಒಬ್ಬರು ನೀರು ಮುಟ್ಟುವುದಿಲ್ಲ. ಆದರೆ ಒಂದು ಸಾವಾದರೆ ಎರಡೂ ಮನೆಗೆ ಸೂತಕ. ಯಾರೂ ಕರೆಯುವುದಿಲ್ಲ, ಯಾರೂ ರಾಜಿ ಮಾಡಿಸುವುದಿಲ್ಲ, ಬಂದು ಜಗಲಿಯಲ್ಲಿ ಕೂರುತ್ತಾರೆ. ಹೊರಗಿನವರಿಗೆ ಆ ಸೂತಕ ಇಲ್ಲ. ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಕ್ಷಮಿಸಿ. ಜಗಳ ಮರೆತು ಅವರು ಒಂದಾಗಲಿಲ್ಲ. ನೂರು ವರ್ಷ ಜಗಳ ಆಡಿದ್ದರಿಂದಲೇ ಎರಡೂ ಕಡೆ ಸಂಘಗಳಿದ್ದವು, ಬಾವುಟಗಳಿದ್ದವು, ಒಟ್ಟಿಗೆ ಕೂಗುವ ಅಭ್ಯಾಸ ಇತ್ತು. ಹೇಳಿ ಕಳಿಸಿದರೆ ಒಂದು ಸಂಜೆಗೆ ಸಾವಿರಾರು ಜನ ಸೇರುವುದು ಬೇರೆ ಯಾರಿಗೆ ಬರುತ್ತೆ?

ಸೂತಕ ಕಳೆಯಿತು. ಅಕ್ಟೋಬರ್ 19ಕ್ಕೆ ಐಎಸ್ಎಲ್ ಡರ್ಬಿ ಬಂತು, ಮೋಹನ್ ಬಾಗಾನ್ 2-0ರಲ್ಲಿ ಗೆದ್ದಿತು. ಬದುವಿನ ಜಗಳ ಮತ್ತೆ ಶುರು.

ಮಗನ ವಿಷಯ. ಧಾರಾಳವಾಗಿ ಹೋಗಲಿ. ಯಾವ ಗ್ಯಾಲರಿಯ ಟಿಕೆಟ್ ಅಂತ ನೋಡಿಕೊಂಡು ಅಂಗಿ ಹಾಕಿಕೊಳ್ಳಲಿ. ಗೊತ್ತಾಗದಿದ್ದರೆ ಸುಮ್ನೆ ಬಿಳಿ ಅಂಗಿ. ಮುಗಿದ ಕೂಡಲೇ ಬಾಗಿಲ ಹತ್ತಿರ ನುಗ್ಗುವುದು ಬೇಡ, ಹತ್ತು ನಿಮಿಷ ಕೂತೇ ಇರಲಿ. ಬ್ಯಾಂಕಿನಲ್ಲಿ "ನೀನು ಯಾವ ಕಡೆ?" ಅಂತ ಕೇಳೇ ಕೇಳುತ್ತಾರೆ. ಬೆಂಗಳೂರು ಎಫ್‌ಸಿ ಅನ್ನಲಿ. 2018ರ ಸೂಪರ್ ಕಪ್ ಫೈನಲ್ಲಿನಲ್ಲಿ ನಾವು 4-1ರಲ್ಲಿ ಬಡಿದದ್ದಕ್ಕೆ ಈಸ್ಟ್ ಬೆಂಗಾಲಿನವರಿಗೆ ಇನ್ನೂ ಸಿಟ್ಟಿದೆ. 2015ರಲ್ಲಿ ನಮ್ಮ ಕಂಠೀರವಕ್ಕೇ ಬಂದು ಐ-ಲೀಗ್ ಕಪ್ ಒಯ್ದದ್ದು, 2025ರ ಐಎಸ್ಎಲ್ ಫೈನಲ್ಲಿನಲ್ಲಿ 2-1ರಲ್ಲಿ ಸೋಲಿಸಿದ್ದು ಹೇಳಿಕೊಂಡು ನಗುವುದು ಮೋಹನ್ ಬಾಗಾನಿನವರ ಪಾಳಿ. ಘೋಟಿ, ಬಾಂಗಾಲ್ ಇಬ್ಬರೂ ಸೇರಿಕೊಂಡು ಅವನ ಮೇಲೆ ಬೀಳುತ್ತಾರೆ.

ಫೋಟೊ ಇದೇ ಟಪಾಲಿನಲ್ಲಿ ವಾಪಸ್ ಕಳಿಸಿದ್ದೇನೆ.

ಸಂಪಾದಕ