ಕ್ಯಾಸಿನೊ ಇರುವ ಹೋಟೆಲಿಗೆ ಅಪ್ಪನನ್ನು ಕರೆದೊಯ್ಯಲೇ?

ಪ್ರಶ್ನೆ: ನಾನು ಗಂಡ ಮತ್ತು ಮಗನೊಂದಿಗೆ ಸಿಂಗಪುರದಲ್ಲಿದ್ದೇನೆ. ದಾವಣಗೆರೆಯಿಂದ ಅಪ್ಪ, ಅಮ್ಮ ಮೊದಲ ಬಾರಿಗೆ ಇಲ್ಲಿಗೆ ಬರುತ್ತಿದ್ದಾರೆ. ಅವರ ಮದುವೆಗೆ ನಲವತ್ತು ವರ್ಷ ತುಂಬುತ್ತಿದೆ. ಆ ಖುಷಿಗೆ ಎಲ್ಲರೂ ಎರಡು ರಾತ್ರಿ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನಲ್ಲಿ ತಂಗೋಣ ಎಂದು ನನ್ನ ಗಂಡ ಕೊಠಡಿ ಕಾಯ್ದಿರಿಸಿದ್ದಾರೆ. ಅಲ್ಲಿ ದೊಡ್ಡ ಕ್ಯಾಸಿನೊ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕ್ಲಬ್ಬಿನಲ್ಲಿ ಅಂದರ್ ಬಾಹರ್ ಆಡಿ ಒಂದು ಸೈಟನ್ನೂ ಅಮ್ಮನ ಬಳೆಗಳನ್ನೂ ಕಳೆದಿದ್ದರು. ಆಮೇಲೆ ಬಿಟ್ಟರು, ಇಪ್ಪತ್ತು ವರ್ಷದಿಂದ ಇಸ್ಪೀಟಿನ ಎಲೆ ಮುಟ್ಟಿಲ್ಲ. ಹೋಟೆಲಿನ ಸುದ್ದಿ ಕೇಳಿ ಅಪ್ಪನಿಗೆ ಬಹಳ ಸಂತೋಷವಾಗಿದೆ. ಅಮ್ಮ ಮಾತ್ರ ‘ನಿಮ್ಮಿಷ್ಟ’ ಎಂದು ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟರು. ರದ್ದು ಮಾಡು ಎನ್ನುತ್ತಾನೆ ಅಣ್ಣ. ನನ್ನ ಗಂಡನಿಗೆ ಹಳೆಯ ಕಥೆ ಪೂರ್ತಿ ಗೊತ್ತಿಲ್ಲ. ರದ್ದು ಮಾಡಿದರೆ ಅಪ್ಪನನ್ನು ಅವಮಾನಿಸಿದಂತಾಗುತ್ತದೆ, ಹೋದರೆ ಅಮ್ಮನ ಗತಿ ಏನು ಎಂಬ ಚಿಂತೆ. ಏನು ಮಾಡಲಿ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಸಲ ಅಲ್ಲಿ ತಂಗಬೇಡಿ. ಒಂದು ಸಂಜೆ ಕರೆದುಕೊಂಡು ಹೋಗಿ, ಎಲ್ಲವನ್ನೂ ತೋರಿಸಿ, ರಾತ್ರಿ ನಿಮ್ಮ ಮನೆಗೆ ಬನ್ನಿ. ಆದರೆ ‘ಕೊಠಡಿ ಸಿಗಲಿಲ್ಲ’ ಎಂಬ ಸುಳ್ಳು ಹೇಳಿ ರದ್ದು ಮಾಡಬೇಡಿ. ಅಪ್ಪನಿಗೆ ಕಾರಣ ಗೊತ್ತಾಗಲೇಬೇಕು, ಅದು ನಿಮ್ಮ ಬಾಯಿಂದಲೇ ಗೊತ್ತಾಗಬೇಕು.

ನಿಮ್ಮ ಗಂಡನ ಆಯ್ಕೆಯಲ್ಲಿ ತಪ್ಪಿಲ್ಲ. 2010ರಲ್ಲಿ ಬಾಗಿಲು ತೆರೆದ ಆ ಕಟ್ಟಡವನ್ನು ವಾಸ್ತುಶಿಲ್ಪಿ ಮೋಶೆ ಸಫ್ದಿ ರೂಪಿಸಿದ ಬಗೆಯೇ ಬೆರಗು ಹುಟ್ಟಿಸುತ್ತದೆ. ಮೂರು ಗೋಪುರ, ಅವುಗಳ ತಲೆಯ ಮೇಲೆ ಹಡಗಿನಂಥ ಉದ್ಯಾನ, 57ನೆಯ ಅಂತಸ್ತಿನಲ್ಲಿ ಸುಮಾರು 150 ಮೀಟರ್ ಉದ್ದದ ಈಜುಕೊಳ. ಇನ್ನೊಂದು ಅನುಕೂಲವನ್ನೂ ಹೇಳಬೇಕು. ಲಾಸ್ ವೇಗಸ್ಸಿನ ಅನೇಕ ಹೋಟೆಲುಗಳಲ್ಲಿ ಕೊಠಡಿಗೆ ಹೋಗಲು ಜೂಜಿನ ಯಂತ್ರಗಳ ನಡುವೆಯೇ ನಡೆಯಬೇಕು. ಇಲ್ಲಿ ಹಾಗಿಲ್ಲ. ಕ್ಯಾಸಿನೊ ಇರುವುದು ಎದುರಿನ ಮಳಿಗೆಗಳ ಸಂಕೀರ್ಣದಲ್ಲಿ. ಕ್ಯಾಸಿನೊ ಬೇಡವೇ ಬೇಡ ಎಂದು ದಶಕಗಳ ಕಾಲ ಪಟ್ಟು ಹಿಡಿದಿದ್ದ ಸಿಂಗಪುರ ಸರ್ಕಾರ 2005ರಲ್ಲಿ ಮನಸ್ಸು ಬದಲಿಸಿದಾಗ, ಜೂಜಿನ ಜಾಗ ಇಡೀ ಸಂಕೀರ್ಣದ ಸಣ್ಣದೊಂದು ಪಾಲು ಮಾತ್ರ ಇರಬೇಕೆಂದು ಮಿತಿ ಹಾಕಿತು. ಎರಡು ದಿನ ಅಲ್ಲಿದ್ದು ಒಂದು ಜೂಜಿನ ಮೇಜನ್ನೂ ನೋಡದೆ ಹಿಂದಿರುಗುವುದು ಸಾಧ್ಯ. ಜೂಜಿನ ಗೊಡವೆಯೇ ಇಲ್ಲದ ಸಂಸಾರವೊಂದು ಕೇಳಿದ್ದರೆ, ದುಡ್ಡಿದ್ದರೆ ಒಂದು ರಾತ್ರಿ ಖಂಡಿತ ಇದ್ದು ಬನ್ನಿ ಎನ್ನುತ್ತಿದ್ದೆ.

ಆದರೆ ಆ ದುಡ್ಡಿಗೆ ನಿಮ್ಮ ಅಪ್ಪ, ಅಮ್ಮನಿಗೆ ಏನು ಸಿಗುತ್ತದೆ ಎಂದು ಲೆಕ್ಕ ಹಾಕಿ. ಅಲ್ಲಿ ತಂಗಿದವರಿಗಷ್ಟೇ ಮೀಸಲಾದ ದೊಡ್ಡ ಆಕರ್ಷಣೆ ಆ ಈಜುಕೊಳ. ಅದಕ್ಕೆ ಇಳಿಯಲು ಈಜುಡುಗೆ ಬೇಕು. ಸದಾ ಸೀರೆ ಉಡುವ ತಾಯಂದಿರು ಅಲ್ಲಿಗೆ ಹೋದರೆ ದಂಡೆಯಲ್ಲಿ ಕುಳಿತು ಮೊಮ್ಮಗನ ಬಟ್ಟೆ ಕಾಯುವುದೇ ಹೆಚ್ಚು. ಮೇಲಿನಿಂದ ಊರು, ಸಮುದ್ರ ನೋಡಬೇಕೆಂದರೆ ವೀಕ್ಷಣಾ ಕಟ್ಟೆಗೆ ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದು. ಕೊಠಡಿಯ ದರಕ್ಕೆ ಸೇವಾ ಶುಲ್ಕವೂ ತೆರಿಗೆಯೂ ಸೇರಿದರೆ ಬಿಲ್ಲು ಸುಮಾರು ಐದನೆಯ ಒಂದು ಭಾಗ ಏರುತ್ತದೆ. ಮಧ್ಯಾಹ್ನ ಒಳಗೆ ಹೋಗಿ ಮಾರನೆಯ ದಿನ ಊಟದ ಹೊತ್ತಿಗೆ ಮೊದಲೇ ಖಾಲಿ ಮಾಡಬೇಕಾದ ಕೊಠಡಿಗೆ ಇಷ್ಟು ಹಣ ಹಾಕುವ ಮೊದಲು ಅಮ್ಮನಿಗೆ ಏನು ಇಷ್ಟ ಎಂದು ಯಾರಾದರೂ ಕೇಳಿದ್ದೀರಾ?

ಹಣದ ಮಾತು ಅಷ್ಟಕ್ಕೇ ಸಾಕು. ನನ್ನನ್ನು ಕಾಡುವುದು ಕ್ಯಾಸಿನೊದ ಬಾಗಿಲಿನ ನಿಯಮ. ಸಿಂಗಪುರದ ಪ್ರಜೆಗಳು, ಕಾಯಂ ನಿವಾಸಿಗಳು ಒಳಗೆ ಹೋಗಬೇಕಾದರೆ 24 ಗಂಟೆಗೆ 150 ಸಿಂಗಪುರ ಡಾಲರ್ ತೆರಬೇಕು, ಇಲ್ಲವೇ ವರ್ಷಕ್ಕೆ 3,000. 2019ರವರೆಗೆ ಅದು ಕ್ರಮವಾಗಿ 100 ಮತ್ತು 2,000 ಇತ್ತು, ಆಮೇಲೆ ಏರಿಸಿದರು. ಮನೆಯವರು ಅರ್ಜಿ ಕೊಟ್ಟು ಜೂಜುಕೋರನಿಗೆ ಪ್ರವೇಶ ನಿಷೇಧ ಹಾಕಿಸಬಹುದು. ದಿವಾಳಿಯಾದವರನ್ನು ಕಾನೂನೇ ಹೊರಗಿಡುತ್ತದೆ. ತನ್ನ ಜನ ಹಾಳಾಗಬಾರದೆಂದು ಆ ದೇಶ ಇಷ್ಟು ಬೇಲಿ ಕಟ್ಟಿದೆ. ದಾವಣಗೆರೆಯಿಂದ ಬಂದ ಪ್ರವಾಸಿ? 21 ವರ್ಷ ದಾಟಿರಬೇಕು, ಪಾಸ್‌ಪೋರ್ಟ್ ತೋರಿಸಬೇಕು, ಪ್ರವೇಶ ಉಚಿತ. ನಮ್ಮ ಪಕ್ಕದ ಗೋವೆಯಲ್ಲೂ ಇದೇ ಸ್ಥಿತಿ. 2020ರಿಂದ ಗೋವೆಯ ಜನರು ಅಲ್ಲಿನ ಕ್ಯಾಸಿನೊಗಳಲ್ಲಿ ಆಡುವಂತಿಲ್ಲ. ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಹಡಗುಗಳಿಗೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರು ಹೋಗಬಹುದು. ಊರಿನವರಿಗೆ ಬೇಡ ಎಂದು ಸರ್ಕಾರಗಳೇ ತೀರ್ಮಾನಿಸಿದ ಜಾಗಕ್ಕೆ ಹೊರಗಿನ ಅತಿಥಿ ಯಾವ ತಡೆಯೂ ಇಲ್ಲದೆ ಕಾಲಿಡುತ್ತಾನೆ. ನಿಮ್ಮ ಅಪ್ಪನ ಮುಂದೆ ತೆರೆದಿರುವುದು ಅಂಥ ಬಾಗಿಲು.

ಇಪ್ಪತ್ತು ವರ್ಷ ಬಿಟ್ಟವರಿಗೆ ಇನ್ನೇನು ಭಯ ಎಂದು ನೀವು ಕೇಳಬಹುದು. ಆ ಇಪ್ಪತ್ತು ವರ್ಷದ ಬಗ್ಗೆ ನನಗೆ ನಿಜವಾದ ಗೌರವವಿದೆ. ಯಾವ ಆಸ್ಪತ್ರೆಯ ನೆರವನ್ನೂ ನೀವು ಬರೆದಿಲ್ಲ, ಬಹುಶಃ ಒಬ್ಬರೇ ಹಲ್ಲು ಕಚ್ಚಿ ಬಿಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ವ್ಯಸನವಿರುವ ಗುಂಪಿಗೇ ಸೇರಿಸಿತು. ಮಿದುಳು ಎರಡಕ್ಕೂ ಒಂದೇ ಬಗೆಯಲ್ಲಿ ಸ್ಪಂದಿಸುತ್ತದೆ ಎಂಬುದು ಅದಕ್ಕೊಂದು ಕಾರಣ. ಕೂದಲೆಳೆಯಲ್ಲಿ ಸೋತ ಆಟವೂ ಗೆದ್ದ ಆಟದಂತೆ ಮನಸ್ಸನ್ನು ಕೆರಳಿಸಿ ‘ಇನ್ನೊಂದು ಸಲ’ ಎನ್ನಿಸುತ್ತದೆ. ಕುಡಿತ ಬಿಟ್ಟ ತಂದೆಯನ್ನು ನೀವು ಬಾರಿನ ಮಹಡಿಯಲ್ಲಿ ಮಲಗಿಸುತ್ತಿರಲಿಲ್ಲ, ಅದನ್ನು ಅನುಮಾನ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ.

ಜೊತೆಗೆ ಒಂದು ಸಣ್ಣ ವಿಷಯ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ನೀವೆಲ್ಲ ಸುತ್ತಾಡಿ ದಣಿದು ಹನ್ನೆರಡಕ್ಕೆ ಮಲಗಿದಾಗ ಅಪ್ಪನ ಮೈಗೆ ಇನ್ನೂ ರಾತ್ರಿ ಒಂಬತ್ತೂವರೆ. ನಿದ್ದೆ ಬರುವುದಿಲ್ಲ. ಕೆಳಗೆ ಹೋಗಿ ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದು ಎದ್ದರೆ, ಹಗಲು ರಾತ್ರಿ ತೆರೆದಿರುವ ಕ್ಯಾಸಿನೊ ಕೆಲವೇ ನಿಮಿಷದ ನಡಿಗೆಯಲ್ಲಿದೆ. ಅವರು ಎದ್ದ ಸದ್ದಿಗೆ ಎಚ್ಚರವಾಗುವುದು ಅಮ್ಮನಿಗೆ.

ಅಮ್ಮನ ‘ನಿಮ್ಮಿಷ್ಟ’ವನ್ನು ನೀವು ಒಪ್ಪಿಗೆ ಎಂದುಕೊಂಡಿಲ್ಲ, ಅದಕ್ಕೇ ನನಗೆ ಬರೆದಿದ್ದೀರಿ. ಬಳೆ ಕಳೆದುಕೊಂಡವರು ಅವರು. ಬೀದಿಯಲ್ಲಿ ಸಾಲ ಕೊಟ್ಟವರಿಗೆ ಮುಖ ಕೊಡಬೇಕಾಗಿ ಬಂದದ್ದೂ ಬಹುಶಃ ಅವರಿಗೇ. ಅಪ್ಪ ಕ್ಯಾಸಿನೊದ ಕಡೆ ತಲೆಹಾಕದೇ ಇದ್ದರೂ ಆ ಎರಡು ರಾತ್ರಿ ಅಮ್ಮ ಕಾವಲುಗಾರಳಾಗಿ ಕಳೆಯುತ್ತಾರೆ. ನಲವತ್ತು ವರ್ಷದ ಸಂಸಾರಕ್ಕೆ ನೀವು ಕೊಡುವ ಉಡುಗೊರೆ ಅದಾಗಬಾರದು. ನಾನು ತಂಗಬೇಡಿ ಎನ್ನುವುದು ಮುಖ್ಯವಾಗಿ ಇದಕ್ಕಾಗಿ.

ಆದ್ದರಿಂದ ಮೊದಲ ಮಾತು ಅಮ್ಮನ ಜೊತೆ ಆಗಲಿ. ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ ಫೋನ್ ಮಾಡಿ, ‘ಅಮ್ಮ, ಅಲ್ಲಿ ಕ್ಯಾಸಿನೊ ಇದೆ. ನಿನಗೆ ಅಲ್ಲಿ ನೆಮ್ಮದಿಯಾಗಿ ನಿದ್ದೆ ಬರುತ್ತದೆಯೇ?’ ಎಂದು ನೇರವಾಗಿ ಕೇಳಿ. ಆಮೇಲೆ ಗಂಡನಿಗೆ ಹೇಳಿ. ಅವರು ಪ್ರೀತಿಯಿಂದ ಮಾಡಿದ ಏರ್ಪಾಡು ಇದು, ಅರ್ಧ ಕಥೆ ತಿಳಿದು ಅಳಿಯನಾಗಿ ಮುಜುಗರ ಪಡುವ ಸ್ಥಿತಿ ಅವರಿಗೆ ಬರಬಾರದು. ತವರಿನ ಮರ್ಯಾದೆ ಹೋಗುತ್ತದೆ ಎಂಬ ಅಳುಕು ಸಹಜ. ಆದರೆ ಚಟ ಬಿಟ್ಟ ಮಾವನ ಬಗ್ಗೆ ತಿಳಿದರೆ ಗೌರವ ಕಡಿಮೆಯಾಗಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಅಪ್ಪನ ಜೊತೆಗಿನ ಮಾತೇ ಕಷ್ಟದ್ದು. ಅದನ್ನು ಅಣ್ಣನಿಗೆ ಬಿಡಬೇಡಿ, ಅವನ ಬಾಯಲ್ಲಿ ಅದು ಆಜ್ಞೆಯಾಗುತ್ತದೆ. ‘ಅಪ್ಪ, ನೀವು ಬಿಟ್ಟದ್ದು ಸಣ್ಣ ಕೆಲಸವಲ್ಲ. ನಿಮ್ಮ ಮೇಲೆ ನಂಬಿಕೆ ಇಲ್ಲದೆ ಹೇಳುತ್ತಿಲ್ಲ. ಅಮ್ಮ ಅಲ್ಲಿ ಹೆದರುತ್ತಾಳೆ, ಅವಳನ್ನು ಹೆದರಿಸಿ ಹಬ್ಬ ಮಾಡುವುದು ನನಗೆ ಬೇಡ’ ಎಂದು ಹೇಳಿ. ಅವರು ಸಿಡುಕಬಹುದು, ಒಂದು ದಿನ ಮಾತು ಬಿಡಲೂಬಹುದು. ಆ ಸಿಟ್ಟನ್ನು ತಡೆದುಕೊಳ್ಳಿ, ವಾದಕ್ಕಿಳಿಯಬೇಡಿ.

ಹೀಗೆ ಬಿಚ್ಚಿ ಮಾತಾಡಿದ ಮೇಲೂ ಇಬ್ಬರೂ ‘ಇಲ್ಲ, ಅಲ್ಲಿಯೇ ಇರೋಣ’ ಎಂದರೆ ಒಂದು ರಾತ್ರಿ ಸಾಕು. ಕೊಠಡಿ ಪಡೆಯುವಾಗ ತೋರಿಸಿದ ಪಾಸ್‌ಪೋರ್ಟನ್ನು ಅಪ್ಪ ತಾವಾಗಿಯೇ ನಿಮ್ಮ ಕೈಗೆ ಕೊಡಲಿ. ಅದಿಲ್ಲದೆ ವಿದೇಶಿ ಪ್ರವಾಸಿಗರಿಗೆ ಕ್ಯಾಸಿನೊ ಪ್ರವೇಶವಿಲ್ಲ. ಅದನ್ನು ಕದ್ದು ಅಡಗಿಸಿಡುವ ಆಲೋಚನೆ ನಿಮ್ಮಲ್ಲಿದ್ದರೆ ಬಿಟ್ಟುಬಿಡಿ. ಸಿಕ್ಕಿಬಿದ್ದ ಕ್ಷಣದಲ್ಲಿ ಅವರ ಇಪ್ಪತ್ತು ವರ್ಷವನ್ನು ನೀವೇ ಅಳಿಸಿಹಾಕಿದಂತೆ. ತಮಗೆ ತಾವೇ ಪ್ರವೇಶ ನಿಷೇಧ ಹಾಕಿಕೊಳ್ಳುವ ಅರ್ಜಿಯೂ ಸಿಂಗಪುರದಲ್ಲಿದೆ, ವಿದೇಶಿಯರಿಗೂ ಅದು ತೆರೆದಿದೆ. ಅಪ್ಪ ಅದಕ್ಕೆ ಒಪ್ಪಿದರೆ ಅಮ್ಮನ ಮುಂದೆಯೇ ಅರ್ಜಿ ತುಂಬಲಿ. ಎಲ್ಲ ಮಾತಿಗಿಂತ ಅದು ಅಮ್ಮನಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಬದಲಿ ಏರ್ಪಾಡು ಮಾಡುವಾಗ ಎಚ್ಚರವಿರಲಿ. ಸೆಂಟೋಸಾ ದ್ವೀಪದ ರೆಸಾರ್ಟ್ಸ್ ವರ್ಲ್ಡ್‌ನಲ್ಲೂ ಕ್ಯಾಸಿನೊ ಇದೆ. ಸಿಂಗಪುರದಿಂದ ಹೊರಡುವ ಹಲವು ದೊಡ್ಡ ಪ್ರವಾಸಿ ಹಡಗುಗಳಲ್ಲೂ ಇರುತ್ತದೆ. ಮಲಗಲು ನಿಮ್ಮ ಮನೆಯೇ ಚೆನ್ನ. ಆ ದಿನ ಬೆಳಿಗ್ಗೆ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಹೋಗಿ, ಎದುರಿಗಿರುವ ಎಂಟಿಆರ್‌ನಲ್ಲಿ ಮಸಾಲೆ ದೋಸೆ ತಿನ್ನಿ. ಪರದೇಶದಲ್ಲಿ ಅಮ್ಮನಿಗೆ ಅಷ್ಟು ಹಿತವಾಗುವ ಜಾಗ ಇನ್ನೊಂದು ಸಿಗುವುದು ಕಷ್ಟ. ಬಿಸಿಲು ಇಳಿದ ಮೇಲೆ ಗಾರ್ಡನ್ಸ್ ಬೈ ದ ಬೇ, ನಂತರ ಟಿಕೆಟ್ ಕೊಂಡು ಆ ವೀಕ್ಷಣಾ ಕಟ್ಟೆ, ಕತ್ತಲಾದಾಗ ಕೆಳಗೆ ನೀರಿನ ದಂಡೆಯಲ್ಲಿ ಉಚಿತವಾಗಿ ನಡೆಯುವ ಬೆಳಕಿನ ಪ್ರದರ್ಶನ. ಅಪ್ಪನ ಆಸೆಯ ದೊಡ್ಡ ಪಾಲು ಇದರಲ್ಲೇ ತೀರುತ್ತದೆ. ಉಳಿದ ಹಣದಲ್ಲಿ ಅಮ್ಮನಿಗೆ ಬಳೆ ಕೊಡಿಸುವಂತೆ ಅಪ್ಪನಿಗೇ ಹೇಳಿ. ಅವರೇ ಅಂಗಡಿಗೆ ಹೋಗಿ ಆರಿಸಲಿ.

ಅಮ್ಮ ಮಾತಾಡುವಾಗ ಅತ್ತರೆ, ಹಳೆಯ ನೋವು ಇನ್ನೂ ಹಸಿಯಾಗಿದೆ ಅನ್ನಿಸಿದರೆ, ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಅವರು ಕನ್ನಡದಲ್ಲಿಯೇ ಆಪ್ತ ಸಲಹೆಗಾರರೊಂದಿಗೆ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಅಪ್ಪನ ಚಟದ ಬಗ್ಗೆ ಆ ಮನೆಯಲ್ಲಿ ಅವರು ಯಾರೊಂದಿಗಾದರೂ ಮನಬಿಚ್ಚಿ ಮಾತಾಡಿದ್ದಾರೋ ಇಲ್ಲವೋ. ಕಾಯ್ದಿರಿಸಿದ ಕೊಠಡಿಯನ್ನು ಹಣ ಕಳೆದುಕೊಳ್ಳದೆ ರದ್ದು ಮಾಡಲು ಕೊನೆಯ ದಿನ ಯಾವುದೆಂದು ಇಂದೇ ನೋಡಿಕೊಳ್ಳಿ, ಈ ಮೂರೂ ಮಾತುಕತೆಗಳು ಅದಕ್ಕೆ ಮೊದಲು ಮುಗಿಯಲಿ.