ಮಾತ್ರೆಯಿಂದ ಮಗನ ತೂಕ ಏರುತ್ತಿದೆ, ನಿಲ್ಲಿಸಿಬಿಡಬಹುದಾ?

ನಿಮ್ಮ ಮಗನಿಗೆ 17 ವರ್ಷ. ಓಲಾಂಜಪೈನ್ (ಇಲ್ಲದ ಭಯ, ಅನುಮಾನ ಕಾಡುವಂಥ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ) ಶುರುವಾಗಿ ಮೂರು ತಿಂಗಳಲ್ಲಿ 9 ಕೆಜಿ ಏರಿದೆ. ಭಯ, ಅನುಮಾನ ಕಡಿಮೆಯಾಗಿದೆ, ನಿದ್ದೆಯೂ ಬರುತ್ತಿದೆ. ಆದರೆ ಅವನು ಮಾತ್ರೆ ಬೇಡ ಅಂತ ಹಟ ಹಿಡಿದಿದ್ದಾನೆ, ನಿಲ್ಲಿಸಬಹುದಾ ಅಂತ ಮುಂಬೈ ಪಕ್ಕದ ಥಾಣೆ ಊರಿನಿಂದ ಕೇಳಿದ್ದೀರಿ.

ನೀವಾಗಿಯೇ ನಿಲ್ಲಿಸಬೇಡಿ. ಇದ್ದಕ್ಕಿದ್ದಂತೆ ಬಿಟ್ಟರೆ ಮೊದಲು ನಿದ್ದೆ ಹೋಗುತ್ತದೆ, ಹಿಂದೆಯೇ ಹಳೇ ತೊಂದರೆ ಮರಳಬಹುದು. ಹಾಗಂತ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಲೂಬೇಡಿ. ಈ ವಾರವೇ ಡಾಕ್ಟರಿಗೆ ಫೋನ್ ಮಾಡಿ, "ಮೂರು ತಿಂಗಳಲ್ಲಿ ಇಷ್ಟು ಕೆಜಿ" ಅಂತ ಲೆಕ್ಕ ಹೇಳಿ. "ಸ್ವಲ್ಪ ದಪ್ಪ ಆಗಿದ್ದಾನೆ" ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಾನು ಡಾಕ್ಟರಲ್ಲ. ಧಾರವಾಡದ ಕಡೆಯವಳು, ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ನನ್ನ ಮಗಳೂ ಇದೇ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಾಳೆ. ಹೀಗಾಗಿ ಆ ಹಸಿವು ನನಗೆ ಚೆನ್ನಾಗಿ ಗೊತ್ತು. ಊಟ ಮುಗಿಸಿ ಕೈ ತೊಳೆದು ಇನ್ನೂ ಸ್ವಲ್ಪ ಹೊತ್ತಾಗಿರುವುದಿಲ್ಲ, ಫರಸಾಣ್ (ಕುರುಕಲು ತಿಂಡಿ) ಡಬ್ಬಿ ತೆರೆದ ಸದ್ದು ಕೇಳುತ್ತದೆ. ಅದು ಬಾಯಿಚಪಲ ಅಲ್ಲ. ಈ ಔಷಧ ಮಿದುಳಿನಲ್ಲಿ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳು ಕೆಲಸ ಮಾಡುವ ಕೆಲವು ಜಾಗಗಳನ್ನು ತಡೆಯುತ್ತದೆ. ಹೊಟ್ಟೆ ತುಂಬಿದರೂ "ಸಾಕು" ಅನ್ನಿಸುವುದೇ ಇಲ್ಲ. ದೊಡ್ಡವರಿಗಿಂತ ಮಕ್ಕಳಿಗೆ ಇದು ಜಾಸ್ತಿ. ಮೊದಲ ಸಲ ಇಂಥ ಮಾತ್ರೆ ಶುರು ಮಾಡಿದ ಮಕ್ಕಳ ಬಗ್ಗೆ 2009ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಸುಮಾರು 11 ವಾರಗಳಲ್ಲಿ ಓಲಾಂಜಪೈನ್ ತೆಗೆದುಕೊಂಡವರಿಗೆ ಸರಾಸರಿ 8.5 ಕೆಜಿ ಏರಿತ್ತು. ಇದೇ ಗುಂಪಿನ ಬೇರೆ ಮಾತ್ರೆಗಳಾದ ಕ್ವೆಟಿಯಪೈನ್‌ಗೆ 6.1, ರಿಸ್ಪೆರಿಡೋನ್‌ಗೆ 5.3, ಅರಿಪಿಪ್ರಜೋಲ್‌ಗೆ 4.4. ನಿಮ್ಮ ಮಗನ 9 ಕೆಜಿ ಆ ಲೆಕ್ಕಕ್ಕೆ ಹತ್ತಿರವೇ ಇದೆ, ನೋಡಿ. ದಯವಿಟ್ಟು ಇದನ್ನು ಅವನಿಗೂ ಹೇಳಿ. ತಪ್ಪು ತನ್ನದು ಅಂದುಕೊಂಡೇ ಎಷ್ಟೋ ಹುಡುಗರು ಗುಟ್ಟಾಗಿ ಮಾತ್ರೆ ಬಿಡುತ್ತಾರೆ.

ಫಾಸ್ಟಿಂಗ್ ಶುಗರ್, ಕೊಲೆಸ್ಟರಾಲ್ ಪರೀಕ್ಷೆ, ಬಿಪಿ ಇವನ್ನು ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ, ಶುರುವಾಗಿ ಮೂರು ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಬೇಕು. ನಿಮ್ಮಲ್ಲಿ ಮಾಡಿಸಿಲ್ಲದಿದ್ದರೆ ಈಗ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಮನೆಯಲ್ಲಿ ಟೇಲರ್ ಟೇಪಿನಿಂದ ಸೊಂಟದ ಸುತ್ತಳತೆ ಬರೆದಿಡಿ. ನಮ್ಮ ಭಾರತೀಯರಿಗೆ ತೂಕ ಅಷ್ಟೇನಿಲ್ಲದಿದ್ದರೂ ಹೊಟ್ಟೆಯಲ್ಲೇ ಕೊಬ್ಬು ಸೇರುತ್ತದೆ, ಶುಗರೂ ಬೇಗ ಬರುತ್ತದೆ.

ಡಾಕ್ಟರ ಕೈಯಲ್ಲಿ ಮೂರು ದಾರಿಗಳಿವೆ. ಡೋಸ್ ಕಡಿಮೆ ಮಾಡುವುದು, ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸುವುದು, ಇಲ್ಲವೇ ಮೆಟ್‌ಫಾರ್ಮಿನ್ ಸೇರಿಸುವುದು. ಬದಲಾವಣೆ ಎಲ್ಲರಿಗೂ ಆಗಿಬರುವುದಿಲ್ಲ. ಅರಿಪಿಪ್ರಜೋಲ್‌ನಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆ ಓಲಾಂಜಪೈನ್‌ಗೆ ಬಗ್ಗಿದ್ದರೆ ಡಾಕ್ಟರು ಅದನ್ನು ಬಿಡಿಸಲು ಹಿಂಜರಿಯುವುದು ಸಹಜ. ಆಗ ಮೆಟ್‌ಫಾರ್ಮಿನ್ ಬಗ್ಗೆ ಕೇಳಿ. "ಅದು ಶುಗರ್ ಮಾತ್ರೆ ಅಲ್ವಾ?" ಅಂತ ನಮ್ಮತ್ತೆ ಗಾಬರಿಯಾಗಿದ್ದರು. ಹೌದು, ಆದರೆ ಶುಗರ್ ಇಲ್ಲದ ಮಕ್ಕಳಿಗೂ ಇದಕ್ಕಾಗಿ ಕೊಡುತ್ತಾರೆ. ಪವಾಡವೇನಲ್ಲ, ಹಲವರಿಗೆ ತೂಕ ಏರುವುದು ನಿಧಾನವಾಗುತ್ತದೆ, ಕೆಲವರಿಗೆ ಒಂದಿಷ್ಟು ಇಳಿಯುತ್ತದೆ. ಶುರುವಿನಲ್ಲಿ ಹೊಟ್ಟೆ ಕೆಡುತ್ತದೆ, ಅದಕ್ಕೇ ಊಟದ ಜೊತೆ ತೆಗೆದುಕೊಳ್ಳಲು ಹೇಳುತ್ತಾರೆ. ಬಹಳ ಕಾಲ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಸಸ್ಯಾಹಾರಿಗಳಾದರೆ ಅದನ್ನೂ ಪರೀಕ್ಷೆ ಮಾಡಿಸಿ.

ಊಟದ ವಿಷಯಕ್ಕೆ ಬಂದರೆ, ಡಬ್ಬಿಗೆ ಬೀಗ ಹಾಕಬೇಡಿ. ಹಸಿದವನು ಸ್ಟೇಷನ್ ಹತ್ತಿರ ಎರಡು ವಡಾಪಾವ್ ತಿಂದೇ ಬರುತ್ತಾನೆ. ಮನೆಗೆ ತರುವುದನ್ನೇ ಬದಲಾಯಿಸಿ, ಎಲ್ಲರೂ ಅದನ್ನೇ ತಿನ್ನಿ. ನಮ್ಮಲ್ಲಿ ಮೊದಲು ತಟ್ಟೆಗೆ ಬೀಳುವುದು ಕೋಸಂಬರಿ, ಆಮೇಲೆ ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು. ಅನ್ನ ಕೊನೆಗೆ, ಸ್ವಲ್ಪ. ಈ ಮಾತ್ರೆಯಿಂದ ಬಾಯಿ ಒಣಗುತ್ತದೆ, ಆಗ ಮಕ್ಕಳ ಕೈ ಕೋಲ್ಡ್ ಡ್ರಿಂಕ್ಸ್ ಕಡೆ ಹೋಗುತ್ತದೆ. ಒಂದೇ ಒಂದು ಬದಲಾವಣೆ ಮಾಡುವುದಾದರೆ ಅದನ್ನು ನಿಲ್ಲಿಸಿ, ನೀರು ಮಜ್ಜಿಗೆ ಇಡಿ. ಸಂಜೆ ನಿಮ್ಮೂರಿನ ತಲಾವ್ ಪಾಳಿ ಕೆರೆಯ ಸುತ್ತ ಅವನ ಜೊತೆ ನೀವೂ ನಡೆಯಿರಿ. ಜಿಮ್ಮಿಗೆ ದುಡ್ಡು ಕಟ್ಟುವ ಅವಸರ ಬೇಡ. ಔಷಧದ ಮಂಪರಿನಲ್ಲಿರುವ ಹುಡುಗ ಬೆಳಗ್ಗೆ ಆರಕ್ಕೆ ಏಳುವುದಿಲ್ಲ.

ಗಣಪತಿ ಹಬ್ಬಕ್ಕೆ ಬಂದವರು "ಏನೋ, ಇಷ್ಟು ದಪ್ಪ ಆಗಿದ್ದೀಯಾ" ಅನ್ನುತ್ತಾರೆ. ಅವರಿಗೆ ಮೊದಲೇ ಫೋನ್ ಮಾಡಿ ಆ ಮಾತು ಬೇಡ ಅಂತ ಹೇಳಿಬಿಡಿ. ಕಾರಣ ಹೇಳಬೇಕಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ಡಾಕ್ಟರ ಫೋನಿಗೂ ಕಾಯಬೇಡಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಇದ್ದಕ್ಕಿದ್ದಂತೆ ತೂಕ ಇಳಿಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ ಶುಗರ್ ನೋಡಿಸಿ. ರಾತ್ರಿ ಹೊತ್ತು ಅವನು ಮಾತ್ರೆಯೇ ಬೇಡ ಅಂತ ರಂಪ ಮಾಡಿದರೆ, ನಿಮಗೆ ಯಾರೂ ಸಿಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಾಗಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು.