ಪ್ರತಿಕ್ರಿಯೆ: ಅಮ್ಮನ ದವಡೆ ಹಲ್ಲು ನೋವನ್ನು ಎಲ್ಲಿ ತೋರಿಸಲಿ?

ನಮಸ್ಕಾರ. ಮನೆಕೆಲಸಕ್ಕೆ ಹೋಗುವ ನಿಮ್ಮ ಅಮ್ಮನಿಗೆ ತಿಂಗಳಿಂದ ದವಡೆ ಹಲ್ಲು ನೋವು, ತಡೆಯೋಕೆ ಆಗದೆ ಕಡ್ಡಿಪುಡಿ ಒತ್ತಿಕೊಳ್ಳುತ್ತಾರೆ, ಕ್ಲಿನಿಕ್ಕಿನಲ್ಲಿ ಹೇಳಿದಷ್ಟು ದುಡ್ಡಿಲ್ಲ, ಬೆಂಗಳೂರಿನಲ್ಲಿ ಬೇರೆಲ್ಲಿ ತೋರಿಸಲಿ ಅಂತ ಕೇಳಿದ್ದೀರಿ.

ವಿಕ್ಟೋರಿಯಾ ಆಸ್ಪತ್ರೆ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಖರ್ಚು ಖಾಸಗಿಗಿಂತ ತುಂಬಾ ಕಡಿಮೆ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಬೆಳಿಗ್ಗೆ ಬೇಗ ಹೋಗಿ.

ಮಾತ್ರೆ ನುಂಗಿ ದಿನ ದೂಡಬೇಡಿ. ನಮ್ಮ ಬೀದಿಯ ಒಬ್ಬ ಅಕ್ಕ ಒಂದು ದಿನದ ಕೂಲಿ ಹೋಗುತ್ತೆ ಅಂತ ಹಾಗೇ ಮಾಡಿದರು. ನೋವು ಇಳಿಯಿತು, ಹುಳುಕು ಮಾತ್ರ ಒಳಗೇ ಬೆಳೆಯಿತು. ಕೊನೆಗೆ ಕೆನ್ನೆ ಬನ್ನಿನ ಹಾಗೆ ಊದಿ, ಗಂಜಿ ಕುಡಿಯೋಕೂ ಬಾಯಿ ತೆರೆಯಲಾಗಲಿಲ್ಲ. ಹಲ್ಲು ಕೀಳಿಸಬೇಕಾಯಿತು. ಹೋದದ್ದು ಒಂದಲ್ಲ, ಆರು ದಿನದ ಕೂಲಿ. ನೆನೆದರೆ ಈಗಲೂ ಸಂಕಟ ಆಗುತ್ತೆ.

ಕಡ್ಡಿಪುಡಿಯನ್ನಂತೂ ದಯವಿಟ್ಟು ಬಿಡಿಸಿ. ಅದು ಹೊಗೆಸೊಪ್ಪೇ ಅಲ್ವಾ? ಹುಳುಕನ್ನು ವಾಸಿ ಮಾಡಲ್ಲ, ಬಾಯಿ ಕ್ಯಾನ್ಸರ್ ತರಬಲ್ಲದು. ಇವತ್ತೇ ಮೊಬೈಲ್ ಟಾರ್ಚ್ ಹಿಡಿದು ಅಮ್ಮ ಅದನ್ನು ಒತ್ತಿಕೊಳ್ಳುವ ಜಾಗ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, 2-3 ವಾರವಾದರೂ ಮಾಯದ ಹುಣ್ಣು ಇದ್ದರೆ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.

ಸಕ್ಕರೆ ಕಾಯಿಲೆ ಇದ್ದರೂ ಹೇಳಿ, ಸೋಂಕು ಬೇಗ ಜಾಸ್ತಿಯಾಗುತ್ತೆ. ಊತದ ಜೊತೆ ಜ್ವರ ಬಂದರೆ, ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.